ಎಕ್ಸ್‌ಪೋರ್ಟ್ ಎಲ್ಲಿ ನಿಲ್ತು ಅಂತ ಮೊದ್ಲು ನೋಡಿ: ಮಿಕ್ಸಿಂಗ್ ಮಾಡೋರಿಗೆ ರೆಂಡರ್ ರಿಪೇರಿ ಗೈಡ್

ನಮ್ ಕಡೆ ಇವತ್ತಿಗೂ ಎಡಿಟಿಂಗ್ ಅಂದ್ರೆ ಮದ್ವೆ ಮನೆಯವರಿಗೆ ಅರ್ಥ ಆಗಲ್ಲ, ಮಿಕ್ಸಿಂಗ್ ಅನ್ನಬೇಕು. "ಸಾರ್ ಮಿಕ್ಸಿಂಗ್ ಆಯ್ತಾ" ಅಂತ ಫೋನ್ ಬರೋದು ಎಕ್ಸ್‌ಪೋರ್ಟ್ (ಎಡಿಟ್ ಮಾಡಿದ್ದನ್ನ ಒಂದು ವಿಡಿಯೋ ಫೈಲ್ ಮಾಡೋದು, ರೆಂಡರ್ ಅಂತಾನೂ ಅಂತಾರೆ) 87 ಪರ್ಸೆಂಟ್‌ಗೆ ಬಂದು ಗರ ಬಡಿದಂಗೆ ನಿಂತಿರೋ ಟೈಮಲ್ಲೇ. ನಾನು ತುಮಕೂರಲ್ಲಿ ಒಂದು ಸಣ್ಣ ರೂಮಲ್ಲಿ ಈ ಕೆಲ್ಸ ಮಾಡ್ಕೊಂಡಿದೀನಿ, ಗುಬ್ಬಿ, ಕೊರಟಗೆರೆ, ಸಿರಾ ಕಡೆಯಿಂದ ಫೋಟೋಗ್ರಾಫರ್‌ಗಳು ಹಾರ್ಡ್‌ಡಿಸ್ಕ್ ತಂದು ಕೊಟ್ಟು ಹೋಗ್ತಾರೆ, ಅವ್ರಲ್ಲಿ ಅರ್ಧ ಜನ ಈಗ ತಾವೇ ಮಿಕ್ಸಿಂಗ್ ಕಲ್ತಿದಾರೆ, ಆದ್ರೆ ಎಕ್ಸ್‌ಪೋರ್ಟ್ ಕೈ ಕೊಟ್ಟಾಗ ರಾತ್ರಿ ಹನ್ನೊಂದಕ್ಕೆ ನಂಗೇ ಫೋನ್ ಮಾಡ್ತಾರೆ. ಅವ್ರಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನ ಒಂದೇ ಸಲ ಬರೆದಿಡ್ತಾ ಇದೀನಿ.

ಎಲ್ರೂ ಮಾಡೋ ತಪ್ಪು ಒಂದೇ. ಎರರ್ ಬಂದ ತಕ್ಷಣ ಗಾಬರಿ ಬಿದ್ದು ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೋಗೆ ಎಷ್ಟು ಡೇಟಾ ಅನ್ನೋದು) ಚೇಂಜ್ ಮಾಡೋದು, ಡ್ರೈವರ್ ಅಪ್ಡೇಟ್ ಮಾಡೋದು, ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡೋದು, ಎಲ್ಲಾ ಒಟ್ಟಿಗೆ. ಆಮೇಲೆ ಸರಿ ಹೋದ್ರೂ ಯಾವುದ್ರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ, ಹೋಗ್ದಿದ್ರೆ ಇನ್ನೂ ನಾಲ್ಕು ತೊಂದ್ರೆ ಕೂಡ್ಕೊಂಡಿರತ್ತೆ. ಏನನ್ನೂ ಮುಟ್ಟೋ ಮುಂಚೆ ಪ್ರಾಜೆಕ್ಟ್‌ನ ಸೇವ್ ಆಸ್ ಕೊಟ್ಟು ಬೇರೆ ಹೆಸ್ರಲ್ಲಿ ಒಂದು ಕಾಪಿ ಇಟ್ಕೊಳಿ, ಎರರ್ ಮೆಸೇಜ್‌ನ ಮೊಬೈಲಲ್ಲಿ ಫೋಟೋ ಹೊಡ್ಕೊಳಿ, ಸೆಟ್ಟಿಂಗ್ ಏನೂ ಬದಲಾಯಿಸದೆ ಇನ್ನೊಂದ್ ಸಲ ಎಕ್ಸ್‌ಪೋರ್ಟ್ ಕೊಡಿ. ಎರಡನೇ ಸಲ ಎಲ್ಲಿ ನಿಲ್ಲತ್ತೆ ಅನ್ನೋದೇ ಮುಖ್ಯ.

ಎರಡು ಸಲಾನೂ ಅದೇ ಜಾಗದಲ್ಲಿ ನಿಂತ್ರೆ ತೊಂದ್ರೆ ಟೈಮ್‌ಲೈನ್ (ಕ್ಲಿಪ್‌ಗಳನ್ನ ಸಾಲಾಗಿ ಜೋಡಿಸಿರೋ ಪಟ್ಟಿ) ಒಳಗಿದೆ, ಯಾವುದೋ ಕ್ಲಿಪ್ಪು, ಫೋಟೋ, ಇಲ್ಲಾ ಎಫೆಕ್ಟು. ಒಂದ್ ಸಲ ಹಿಂಗೆ ಒಂದ್ ಸಲ ಹಂಗೆ ಬೇರೆ ಬೇರೆ ಜಾಗದಲ್ಲಿ ನಿಂತ್ರೆ ತೊಂದ್ರೆ ಮಷಿನ್‌ದು, ಅಂದ್ರೆ ಬಿಸಿ, ರ‍್ಯಾಮ್, ಡ್ರೈವರ್, ಕರೆಂಟ್ ಇಂಥದ್ದು. ಎಕ್ಸ್‌ಪೋರ್ಟ್ ಪೂರ್ತಿ ಆಗಿ ಫೈಲ್ ಚೆನ್ನಾಗಿ ಬಂದಿಲ್ಲ ಅಂದ್ರೆ ಅದು ಸೆಟ್ಟಿಂಗ್ ಅಥವಾ ಮೂಲ ಫೂಟೇಜ್ ತೊಂದ್ರೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಇರ್ಲಿ, ರಿಸಾಲ್ವ್ ಇರ್ಲಿ, ನಮ್ ಕಡೆ ಸ್ಟುಡಿಯೋಗಳಲ್ಲಿ ಇನ್ನೂ ಓಡ್ತಿರೋ ಎಡಿಯಸ್ ಇರ್ಲಿ, ಈ ಲೆಕ್ಕ ಒಂದೇ.

ಮೊದ್ಲು ಜಾಗ ಇದ್ಯಾ ನೋಡಿ

ಇದನ್ನ ಕೇಳಿದ್ರೆ ಎಲ್ರೂ "ಇದೆ ಸಾರ್" ಅಂತಾರೆ, ನೋಡಿರಲ್ಲ. ಲೆಕ್ಕ ಸುಲಭ: ಬಿಟ್‌ರೇಟ್‌ನ 8ರಿಂದ ಭಾಗಿಸಿ, ಒಟ್ಟು ಸೆಕೆಂಡಿಂದ ಗುಣಿಸಿ. 16 ಎಂಬಿಪಿಎಸ್ (ಸೆಕೆಂಡಿಗೆ 16 ಮೆಗಾಬಿಟ್) ಅಂದ್ರೆ ಸೆಕೆಂಡಿಗೆ 2 ಎಂಬಿ, 3 ಗಂಟೆ ಮದ್ವೆ ಅಂದ್ರೆ 10,800 ಸೆಕೆಂಡು, ಒಟ್ಟು 21.6 ಜಿಬಿ. ಅಷ್ಟು ಜಾಗ ಎಕ್ಸ್‌ಪೋರ್ಟ್ ಮಾಡೋ ಡ್ರೈವಲ್ಲಿ ಬೇಕು, ಅದರ ಜೊತೆ ಸಿ ಡ್ರೈವಲ್ಲೂ ಖಾಲಿ ಇರಬೇಕು, ಯಾಕಂದ್ರೆ ಫೈಲ್‌ನ ನೀವು ಡಿ ಡ್ರೈವ್‌ಗೆ ಕಳಿಸ್ತಿದ್ರೂ ಕ್ಯಾಶ್ ಮತ್ತೆ ಟೆಂಪ್ ಫೈಲ್‌ಗಳು (ಸಾಫ್ಟ್‌ವೇರ್ ತನ್ನ ಕೆಲ್ಸಕ್ಕೆ ಮಾಡ್ಕೊಳೋ ತಾತ್ಕಾಲಿಕ ಫೈಲ್‌ಗಳು) ಸಾಮಾನ್ಯವಾಗಿ ಸಿ ಡ್ರೈವಲ್ಲೇ ಕೂತಿರ್ತವೆ. ಸಿ ಡ್ರೈವ್ ಕೆಂಪು ಗೆರೆ ತೋರಿಸ್ತಿದ್ರೆ ಬೇರೆ ಏನೂ ಹುಡುಕೋಕೆ ಹೋಗ್ಬೇಡಿ, ಮೊದ್ಲು ಮೀಡಿಯಾ ಕ್ಯಾಶ್ ಡಿಲೀಟ್ ಮಾಡಿ. ಪ್ರೀಮಿಯರಲ್ಲಿ ಪ್ರಿಫರೆನ್ಸಸ್ ಒಳಗೆ ಮೀಡಿಯಾ ಕ್ಯಾಶ್ ಅಂತಾನೇ ಇದೆ, ರಿಸಾಲ್ವಲ್ಲಿ ಪ್ಲೇಬ್ಯಾಕ್ ಮೆನುಲಿ ಡಿಲೀಟ್ ರೆಂಡರ್ ಕ್ಯಾಶ್ ಇದೆ. ಕ್ಯಾಶ್ ಹೋದ್ರೆ ನಿಮ್ಮ ಎಡಿಟ್ ಹೋಗಲ್ಲ, ಹೆದರ್ಬೇಡಿ, ಪ್ರಾಜೆಕ್ಟ್ ಮತ್ತೆ ತೆಗೆದಾಗ ಸ್ವಲ್ಪ ನಿಧಾನ ಆಗತ್ತೆ ಅಷ್ಟೇ.

ಈಗ ನನ್ನ ಕಥೆ ಒಂದು. ಒಂದ್ ಮದ್ವೆ ವಿಡಿಯೋ ಮೂರು ಸಲ ಎಕ್ಸ್‌ಪೋರ್ಟ್ ಕೊಟ್ಟೆ, ಮೂರು ಸಲಾನೂ 35 ನಿಮಿಷ ದಾಟ್ತಿದ್ದಂಗೆ ನಿಲ್ತಿತ್ತು. ಅದೇ ಜಾಗ ತಾನೇ, ಕ್ಲಿಪ್ ಕೆಟ್ಟಿದೆ ಅಂತ ಆ ಕ್ಲಿಪ್ ತೆಗೆದೆ, ಎಫೆಕ್ಟ್ ತೆಗೆದೆ, ಕೊನೆಗೆ ರಾತ್ರಿ ಎರಡು ಗಂಟೆಗೆ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕ್ದೆ. ಬೆಳಿಗ್ಗೆ ನನ್ ಜೊತೆ ಕೆಲ್ಸಕ್ಕೆ ಬರೋ ಹುಡುಗ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಬಂದೋನು ಸ್ಕ್ರೀನ್ ನೋಡಿ "ಅಣ್ಣ, ನೇರ ಪೆನ್‌ಡ್ರೈವ್‌ಗೇ ಕೊಡ್ತಾ ಇದೀರಲ್ಲ" ಅಂದ. ಮುಗೀತು. 32 ಜಿಬಿ ಮತ್ತೆ ಅದಕ್ಕಿಂತ ಸಣ್ಣ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಲ್ಲಿ ಬರ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಂಗಿಲ್ಲ, ಪೆನ್‌ಡ್ರೈವ್ ಪೂರ್ತಿ ಖಾಲಿ ಇದ್ರೂ ಅಷ್ಟೇ. 16 ಎಂಬಿಪಿಎಸ್‌ಗೆ 4 ಜಿಬಿ ತುಂಬೋದು ಸುಮಾರು 35 ನಿಮಿಷಕ್ಕೆ. ಅದಕ್ಕೇ ಅದೇ ಜಾಗದಲ್ಲಿ ನಿಂತಾಗ ಅಲ್ಲಿವರೆಗೆ ಬರೆದಿರೋ ಫೈಲ್ ಸೈಜ್ ಕೂಡ ನೋಡಿ, 4 ಜಿಬಿ ಹತ್ರ ಇದ್ರೆ ಕ್ಲಿಪ್ ಪಾಪ ಏನೂ ಮಾಡಿಲ್ಲ. ಯಾವಾಗ್ಲೂ ಕಂಪ್ಯೂಟರ್ ಒಳಗಿನ ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಕಾಪಿ ಮಾಡಿ. ಪೆನ್‌ಡ್ರೈವ್‌ನ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ್ರೆ ದೊಡ್ಡ ಫೈಲ್ ಹಿಡಿಸತ್ತೆ, ಆದ್ರೆ ಹಳೇ ಟಿವಿಗಳು ಕೆಲವು ಎಕ್ಸ್‌ಫ್ಯಾಟ್ ಓದಲ್ಲ, ಹಳ್ಳಿ ಮನೆ ಟಿವಿ ಅಂದ್ರೆ ಅರ್ಧ ಅರ್ಧ ಗಂಟೆ ಭಾಗ ಮಾಡಿ ಫ್ಯಾಟ್32ನಲ್ಲೇ ಕೊಡೋದು ವಾಸಿ.

ಅದೇ ಜಾಗದಲ್ಲಿ ನಿಲ್ತಾ ಇದ್ರೆ

ಪ್ರೀಮಿಯರ್ ಬಹಳ ಸಲ ಎರರ್ ಜೊತೆ ಟೈಮ್‌ಕೋಡ್ ಕೊಡತ್ತೆ, ನೇರ ಅಲ್ಲಿಗೆ ಹೋಗಿ. ಕೊಡ್ಲಿಲ್ಲ ಅಂದ್ರೆ ಅರ್ಧ ಅರ್ಧ ಮಾಡ್ಕೊಂಡು ಹುಡುಕಿ: ಶುರು, ಕೊನೆಗೆ ಇನ್ ಔಟ್ ಗುರುತು ಹಾಕಿ ಮೊದಲ ಅರ್ಧ ಮಾತ್ರ ಎಕ್ಸ್‌ಪೋರ್ಟ್ ಕೊಡಿ, ಆಯ್ತು ಅಂದ್ರೆ ತೊಂದ್ರೆ ಎರಡನೇ ಅರ್ಧದಲ್ಲಿದೆ, ಅದನ್ನ ಮತ್ತೆ ಅರ್ಧ ಮಾಡಿ. 2 ಗಂಟೆ ಟೈಮ್‌ಲೈನ್‌ನ ಏಳು ಸಲ ಅರ್ಧ ಮಾಡಿದ್ರೆ ಒಂದು ನಿಮಿಷಕ್ಕಿಂತ ಕಮ್ಮಿ ಉಳಿಯತ್ತೆ. ಟೆಸ್ಟ್ ತಾನೇ ಅಂತ ಬಿಟ್‌ರೇಟ್ ಕಮ್ಮಿ ಮಾಡ್ಬೇಡಿ, ಒಂದ್ ಸಲಕ್ಕೆ ಒಂದೇ ವಿಷ್ಯ ಬದಲಾಗ್ಬೇಕು.

ಜಾಗ ಸಿಕ್ಕಿದ ಮೇಲೆ ಅಲ್ಲಿರೋ ಕ್ಲಿಪ್‌ಗಳನ್ನ ಒಂದೊಂದೇ ಡಿಸೇಬಲ್ ಮಾಡಿ ಆ ಒಂದು ನಿಮಿಷ ಎಕ್ಸ್‌ಪೋರ್ಟ್ ಮಾಡಿ ನೋಡಿ. ಕ್ಲಿಪ್ ಇಟ್ಕೊಂಡು ಎಫೆಕ್ಟ್ ತೆಗೆದಾಗ ಓಡಿದ್ರೆ ಎಫೆಕ್ಟ್ ಕಳ್ಳ. ನನ್ನ ಅನುಭವದಲ್ಲಿ ಹೆಚ್ಚು ಕಾಟ ಕೊಡೋದು ನಾಯ್ಸ್ ರಿಡಕ್ಷನ್, ಸ್ಟೆಬಿಲೈಸರ್, ಆಪ್ಟಿಕಲ್ ಫ್ಲೋ (ಮಧ್ಯದ ಫ್ರೇಮ್‌ಗಳನ್ನ ಸಾಫ್ಟ್‌ವೇರೇ ಹುಟ್ಟಿಸೋದು) ಹಾಕಿರೋ ಸ್ಲೋ ಮೋಷನ್, ಅದರಲ್ಲೂ ಮೂರನ್ನೂ ಒಂದೇ ಕ್ಲಿಪ್ ಮೇಲೆ ಹೇರಿದ್ರೆ ಮುಗೀತು ಕಥೆ. ಪರಿಹಾರ ಏನಂದ್ರೆ ಆ ಕ್ಲಿಪ್ ಒಂದನ್ನೇ ಮೊದ್ಲು ಬೇಯಿಸಿ, ಅಂದ್ರೆ ಎಫೆಕ್ಟ್ ಸಮೇತ ರೆಂಡರ್ ಮಾಡಿ, ಇಟ್ಕೊಳೋದು. ರಿಸಾಲ್ವಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ರೆಂಡರ್ ಇನ್ ಪ್ಲೇಸ್ ಕೊಡಿ, ಪ್ರೀಮಿಯರಲ್ಲಿ ರೆಂಡರ್ ಅಂಡ್ ರಿಪ್ಲೇಸ್, ಎಡಿಯಸಲ್ಲಿ ಆ ಭಾಗ ಎಚ್‌ಕ್ಯೂಎಕ್ಸ್ ಎವಿಐ ಮಾಡಿ ವಾಪಸ್ ಟೈಮ್‌ಲೈನ್‌ಗೆ ಹಾಕಿ.

ಎಫೆಕ್ಟ್ ತೆಗೆದ್ರೂ ನಿಲ್ತಾ ಇದೆ ಅಂದ್ರೆ ಫೈಲೇ ಕೆಟ್ಟಿರಬಹುದು, ಮೆಮೊರಿ ಕಾರ್ಡಿಂದ ಕಾಪಿ ಮಾಡುವಾಗ ಅರ್ಧಕ್ಕೆ ಕಿತ್ತಿರ್ತಾರೆ. ಕಾರ್ಡ್ ಇನ್ನೂ ಫಾರ್ಮ್ಯಾಟ್ ಆಗಿಲ್ಲ ಅಂದ್ರೆ ಮತ್ತೆ ಕಾಪಿ ಮಾಡ್ಕೊಳಿ. ಆಗಿದ್ರೆ ಶಟರ್ ಎನ್‌ಕೋಡರ್ ಅಥವಾ ಹ್ಯಾಂಡ್‌ಬ್ರೇಕಲ್ಲಿ ಹಾಕಿ ಹೊಸ ಫೈಲ್ ಮಾಡಿ, ಎರಡೂ ಫ್ರೀ. ಎಷ್ಟೋ ಸಲ ಎಡಿಟಿಂಗ್ ಸಾಫ್ಟ್‌ವೇರ್ ಮುಗ್ಗರಿಸೋ ಫ್ರೇಮ್‌ನ ಇವು ಹಾರಿಸ್ಕೊಂಡು ಮುಂದೆ ಹೋಗ್ತವೆ.

ಫೋಟೋಗಳನ್ನ ಮರೀಬೇಡಿ. ಆಲ್ಬಂ ಮಾಡೋರು ಕೊಡೋ ಫೋಟೋನ ಹಂಗೇ ಎಳ್ಕೊಂಡು ಬಂದು ಸ್ಲೈಡ್‌ಶೋ ಮಾಡ್ತೀವಿ, ಒಂದೊಂದೂ 6000 ಇಂಟು 4000 ಪಿಕ್ಸೆಲ್, ಇನ್ನು ಡಿಸೈನ್ ಆಗಿರೋ ಆಲ್ಬಂ ಶೀಟ್ ಅಂದ್ರೆ ಅದಕ್ಕಿಂತ ದೊಡ್ಡದು. ಎಚ್‌ಡಿ ವಿಡಿಯೋಗೆ ಬೇಕಿರೋದು 1920 ಇಂಟು 1080 ಮಾತ್ರ, ಝೂಮ್ ಮಾಡ್ತೀವಿ ಅಂದ್ರೂ ಅಗಲ 3840 ಇದ್ರೆ ಧಾರಾಳ ಆಯ್ತು. ಫೋಟೋಶಾಪಲ್ಲಿ ಬ್ಯಾಚ್ ಹಾಕಿ ಸೈಜ್ ಇಳಿಸಿ, ಹಂಗೇ ಪ್ರಿಂಟ್‌ಗೆ ಅಂತ ಸಿಎಂವೈಕೆ ಬಣ್ಣದಲ್ಲಿ ಇರೋದನ್ನ ಸ್ಕ್ರೀನ್‌ಗೆ ಬೇಕಾದ ಆರ್‌ಜಿಬಿ ಮಾಡಿ.

ಎಲ್ಲಾ ಸರಿ ಇದ್ದೂ ನಿಲ್ತಾ ಇದ್ಯಾ? ಹೊಸ ಪ್ರಾಜೆಕ್ಟ್ ಓಪನ್ ಮಾಡಿ ಅದರೊಳಗೆ ಹಳೇ ಪ್ರಾಜೆಕ್ಟಿಂದ ಸೀಕ್ವೆನ್ಸ್ ಮಾತ್ರ ಇಂಪೋರ್ಟ್ ಮಾಡಿ ಎಕ್ಸ್‌ಪೋರ್ಟ್ ಕೊಡಿ. ಯಾಕೆ ಅಂತ ಕೇಳ್ಬೇಡಿ, ತಿಂಗಳುಗಟ್ಟಲೆ ಎಳ್ಕೊಂಡು ಬಂದ ಪ್ರಾಜೆಕ್ಟ್‌ಗಳು ಇದಕ್ಕೆ ಬಗ್ಗತ್ತೆ.

ಒಂದೊಂದ್ ಸಲ ಒಂದೊಂದ್ ಕಡೆ ನಿಂತ್ರೆ

ಇಲ್ಲಿ ಟೈಮ್‌ಲೈನ್ ಮುಟ್ಟಬೇಡಿ, ಮಷಿನ್ ನೋಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್ ಓಪನ್ ಇಟ್ಕೊಂಡು ಎಕ್ಸ್‌ಪೋರ್ಟ್ ಕೊಟ್ಟು ಹತ್ತು ನಿಮಿಷ ಪಕ್ಕದಲ್ಲೇ ಕೂತ್ಕೊಳಿ, ಟೀ ಕುಡ್ಯೋಕೆ ಹೋಗ್ಬೇಡಿ. ಮೆಮೊರಿ 95 ಪರ್ಸೆಂಟ್ ದಾಟಿ ಅಲ್ಲೇ ನಿಂತಿದ್ರೆ ರ‍್ಯಾಮ್ ಸಾಲ್ತಿಲ್ಲ, ಕ್ರೋಮು ಫೋಟೋಶಾಪು ಎಲ್ಲಾ ಕ್ಲೋಸ್ ಮಾಡಿ. 8 ಜಿಬಿ ರ‍್ಯಾಮಲ್ಲಿ 4ಕೆ ಮಾಡ್ತೀನಿ ಅನ್ನೋದು ಸ್ಕೂಟರ್ ಮೇಲೆ ತೆಂಗಿನಕಾಯಿ ಲೋಡ್ ಹಾಕ್ಕೊಂಡು ತಿಪಟೂರು ಸಂತೆಗೆ ಹೊರಟಂಗೆ. ರ‍್ಯಾಮ್ ಸಾಕಷ್ಟಿದ್ದೂ ಮಷಿನ್ ದಿಢೀರ್ ರೀಸ್ಟಾರ್ಟ್ ಆಗ್ತಿದ್ರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಒಂದ್ ಸಲ ಓಡಿಸಿ, ಆಮೇಲೆ ಹಾಕ್ಸಿದ ಎರಡನೇ ರ‍್ಯಾಮ್ ಮೊದ್ಲಿನದಕ್ಕೆ ಹೊಂದ್ಕೊಳ್ದೆ ಇರೋದನ್ನ ಬೇಕಾದಷ್ಟು ನೋಡಿದೀನಿ.

ಜಿಪಿಯು (ಗ್ರಾಫಿಕ್ಸ್) ಕಾರ್ಡ್ ಇದ್ರೆ ಅದರ ಟೆಂಪರೇಚರ್ ಕೂಡ ಅಲ್ಲೇ ಕಾಣತ್ತೆ. 85 ಡಿಗ್ರಿ ದಾಟಿ ಏರ್ತಾನೇ ಇದ್ರೆ ಕಾರ್ಡ್ ತನ್ನ ಸ್ಪೀಡ್ ತಾನೇ ಇಳಿಸ್ಕೊಳತ್ತೆ, ಆಮೇಲೆ ಡ್ರೈವರ್ ಕೈ ಬಿಡತ್ತೆ, ಸ್ಕ್ರೀನ್ ಒಂದ್ ಸೆಕೆಂಡ್ ಕಪ್ಪಾಗಿ ವಾಪಸ್ ಬರತ್ತೆ, ಎಕ್ಸ್‌ಪೋರ್ಟ್ ಸತ್ತಿರತ್ತೆ. ಮಾರ್ಚ್ ಏಪ್ರಿಲ್ ಮದ್ವೆ ಸೀಸನ್ನಲ್ಲಿ ಶೀಟ್ ರೂಮಲ್ಲಿ ಮಧ್ಯಾಹ್ನ ರೆಂಡರ್ ಹಾಕಿದ್ರೆ ಇನ್ನೇನಾಗತ್ತೆ. ಕ್ಯಾಬಿನೆಟ್ ಡೋರ್ ತೆಗೆದು ಧೂಳು ಊದ್ಸಿ, ಲ್ಯಾಪ್‌ಟಾಪ್ ಆದ್ರೆ ಹಾಸಿಗೆ ಮೇಲೆ ಇಡ್ಬೇಡಿ, ದೊಡ್ಡ ಎಕ್ಸ್‌ಪೋರ್ಟ್‌ಗಳನ್ನ ರಾತ್ರಿಗೆ ಹಾಕಿ.

ರಿಸಾಲ್ವಲ್ಲಿ ಜಿಪಿಯು ಮೆಮೊರಿ ಫುಲ್ ಅಂತ ಬಂದ್ರೆ ಅದು ಸಿಸ್ಟಮ್ ರ‍್ಯಾಮ್ ಅಲ್ಲ, ಕಾರ್ಡ್ ಮೇಲಿರೋ ಮೆಮೊರಿ. 4 ಜಿಬಿ ಕಾರ್ಡಲ್ಲಿ 4ಕೆ ಟೈಮ್‌ಲೈನ್ ಜೊತೆ ನಾಯ್ಸ್ ರಿಡಕ್ಷನ್ ಹಾಕಿದ್ರೆ ಬಂದೇ ಬರತ್ತೆ. ಮದ್ವೆ ಮನೆಯವರು ಕೇಳಿರೋದು ಎಚ್‌ಡಿ ಆದ್ರೆ ಟೈಮ್‌ಲೈನ್ ರೆಸೊಲ್ಯೂಷನ್ 1080ಕ್ಕೆ ಇಳಿಸಿ, ಯಾರೂ ಬಂದು ಪಿಕ್ಸೆಲ್ ಎಣಿಸಲ್ಲ.

ಇನ್ನೊಂದು ಟೆಸ್ಟ್ ಇದೆ, ಇದನ್ನ ಜನ ಗೊಂದಲ ಮಾಡ್ಕೊಳ್ತಾರೆ. ಪ್ರೀಮಿಯರಲ್ಲಿ ಜಿಪಿಯು ಎರಡು ಕಡೆ ಕೆಲ್ಸ ಮಾಡತ್ತೆ, ಎಫೆಕ್ಟ್‌ಗಳನ್ನ ಲೆಕ್ಕ ಹಾಕೋದು ಒಂದು, ಆದ ಫ್ರೇಮ್‌ನ ಎಚ್.264 ಅನ್ನೋ ವಿಡಿಯೋ ಫಾರ್ಮ್ಯಾಟ್‌ಗೆ ಕುಗ್ಗಿಸೋದು ಇನ್ನೊಂದು. ಮೊದಲನೇದು ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗಿರೋ ರೆಂಡರರ್, ಎರಡನೇದು ಎಕ್ಸ್‌ಪೋರ್ಟ್ ವಿಂಡೋಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಅಂತಿರೋದು. ಮೊದ್ಲು ಎನ್‌ಕೋಡಿಂಗ್ ಮಾತ್ರ ಸಾಫ್ಟ್‌ವೇರ್‌ಗೆ ಹಾಕಿ ಕೊಡಿ. ಆಗ್ಲೂ ನಿಂತ್ರೆ ರೆಂಡರರ್‌ನ ಸಾಫ್ಟ್‌ವೇರ್ ಓನ್ಲಿ ಮಾಡಿ. ನಿಧಾನ ಆಗತ್ತೆ, ಒಂದು ಗಂಟೇದು ರಾತ್ರಿ ಪೂರ್ತಿ ತಗೋಬಹುದು, ಆದ್ರೆ ನಾಳೆ ಬೆಳಿಗ್ಗೆ ಡೆಲಿವರಿ ಇದ್ರೆ ನಿಧಾನ ಆದ್ರೂ ಮುಗಿಯೋದೇ ಮುಖ್ಯ ತಾನೇ. ಸಾಫ್ಟ್‌ವೇರಲ್ಲಿ ಓಡಿ ಹಾರ್ಡ್‌ವೇರಲ್ಲಿ ಓಡ್ಲಿಲ್ಲ ಅಂದ್ರೆ ಅನುಮಾನ ಡ್ರೈವರ್ ಮೇಲೆ. ಎನ್‌ವಿಡಿಯಾ ಕಾರ್ಡ್ ಆದ್ರೆ ಗೇಮ್ ರೆಡಿ ಬದ್ಲು ಸ್ಟುಡಿಯೋ ಡ್ರೈವರ್ ತಗೊಂಡು ಕ್ಲೀನ್ ಇನ್‌ಸ್ಟಾಲೇಷನ್ ಟಿಕ್ ಮಾಡಿ ಹಾಕಿ. ಮಧ್ಯೆ ಮಧ್ಯೆ ಹಸಿರು ಫ್ರೇಮ್, ಕಪ್ಪು ಫ್ರೇಮ್ ಬರ್ತಿದ್ರೆ ಪ್ರಿಫರೆನ್ಸಸ್ ಮೀಡಿಯಾ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಿ.

ಕರೆಂಟ್ ವಿಷ್ಯ ಪ್ರತ್ಯೇಕ ಹೇಳ್ಬೇಕು. ಎಂಪಿ4 ಫೈಲಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಸಾಮಾನ್ಯವಾಗಿ ಎಕ್ಸ್‌ಪೋರ್ಟ್ ಪೂರ್ತಿ ಆದಮೇಲೇ ಬರೆಯೋದು, ಅದಕ್ಕೇ 98 ಪರ್ಸೆಂಟಲ್ಲಿ ಕರೆಂಟ್ ಹೋದ್ರೆ 20 ಜಿಬಿ ಫೈಲ್ ಕಣ್ಣೆದ್ರು ಇದ್ರೂ ಯಾವ ಪ್ಲೇಯರೂ ಓಡಿಸಲ್ಲ. ಮನೆ ಇನ್ವರ್ಟರ್ ಇದೆ ಅಂತ ಧೈರ್ಯವಾಗಿರೋರು ಅದರ ಸ್ವಿಚ್ ನೋಡಿ, ಬಹಳಷ್ಟು ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಬೇರೆ ಇರತ್ತೆ, ಅದಕ್ಕೆ ಹಾಕದಿದ್ರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗೋ ಅಷ್ಟ್ರಲ್ಲಿ ಕಂಪ್ಯೂಟರ್ ಆಫ್ ಆಗಿರತ್ತೆ. ಅದಕ್ಕಿಂತ ಒಳ್ಳೇ ಉಪಾಯ ಮದ್ವೇನ ತುಂಡು ಮಾಡಿ ಎಕ್ಸ್‌ಪೋರ್ಟ್ ಮಾಡೋದು. ಚಪ್ಪರದ ಶಾಸ್ತ್ರ ಒಂದು ಫೈಲ್, ಆರತಕ್ಷತೆ ಒಂದು, ಧಾರೆ ಒಂದು. ಒಂದು ಹಾಳಾದ್ರೆ ಅದೊಂದೇ ಮತ್ತೆ ಮಾಡಿದ್ರೆ ಆಯ್ತು. ಒಂದೇ ಫೈಲ್ ಬೇಕು ಅಂದ್ರೆ ಆಮೇಲೆ ಲಾಸ್‌ಲೆಸ್‌ಕಟ್ ಅನ್ನೋ ಫ್ರೀ ಟೂಲಲ್ಲಿ ಮರ್ಜ್ ಮಾಡಿ, ಮತ್ತೆ ರೆಂಡರ್ ಆಗಲ್ಲ, ಬರೀ ಜೋಡಿಸತ್ತೆ, ಕ್ವಾಲಿಟಿ ಹೋಗಲ್ಲ. ಆದ್ರೆ ಎಲ್ಲಾ ತುಂಡಿಗೂ ರೆಸೊಲ್ಯೂಷನ್, ಫ್ರೇಮ್‌ರೇಟ್, ಕೋಡೆಕ್, ಆಡಿಯೋ ಸೆಟ್ಟಿಂಗ್ ಒಂದೇ ಇರಬೇಕು.

ಹಂಗೇ ವಿಂಡೋಸ್ ಅಪ್ಡೇಟ್‌ನ ಪಾಜ್ (ತಾತ್ಕಾಲಿಕವಾಗಿ ನಿಲ್ಲಿಸೋದು) ಮಾಡಿ, ಸ್ಲೀಪ್‌ನ ನೆವರ್ ಮಾಡಿ. ರಾತ್ರಿ ರೆಂಡರ್ ಹಾಕಿ ಬೆಳಿಗ್ಗೆ ಬಂದ್ರೆ ಲಾಗಿನ್ ಸ್ಕ್ರೀನ್ ನಗ್ತಾ ಇರತ್ತೆ, ಆ ನೋವು ಅನುಭವಿಸಿದೋರಿಗೇ ಗೊತ್ತು.

ಫೈಲ್ ಬಂತು, ಆದ್ರೆ ಸರಿ ಇಲ್ಲ

ಮಾತು ಒಂದ್ ಕಡೆ ತುಟಿ ಒಂದ್ ಕಡೆ, ಶುರುವಲ್ಲಿ ಸರಿ ಇದ್ದು ಬರ್ತಾ ಬರ್ತಾ ದೂರ ಆಗ್ತಿದೆ ಅಂದ್ರೆ ತೊಂಬತ್ತು ಭಾಗ ಅದು ಮೊಬೈಲ್ ಫೂಟೇಜ್. ಕ್ಯಾಮೆರಾ ಸೆಕೆಂಡಿಗೆ ಕರೆಕ್ಟಾಗಿ 25 ಫ್ರೇಮ್ ಹೊಡಿಯತ್ತೆ, ಮೊಬೈಲ್ ಆದ್ರೆ ಬೆಳಕು ಕಮ್ಮಿ ಆದಾಗ ಫ್ರೇಮ್ ಕಮ್ಮಿ ಮಾಡತ್ತೆ, ಜಾಸ್ತಿ ಆದ್ರೆ ಜಾಸ್ತಿ ಮಾಡತ್ತೆ. ಮೀಡಿಯಾಇನ್ಫೋ ಅನ್ನೋ ಟೂಲಲ್ಲಿ ಫೈಲ್ ತೆಗೆದು ಫ್ರೇಮ್ ರೇಟ್ ಮೋಡ್ ನೋಡಿ, ವೇರಿಯಬಲ್ ಅಂತಿದ್ರೆ ಎಡಿಟ್‌ಗೆ ಹಾಕೋ ಮುಂಚೆ ಹ್ಯಾಂಡ್‌ಬ್ರೇಕಲ್ಲಿ ವಿಡಿಯೋ ಟ್ಯಾಬಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಸೆಲೆಕ್ಟ್ ಮಾಡಿ ಬದಲಾಯಿಸ್ಕೊಳಿ. ಎಡಿಟ್ ಮುಗಿದ್ಮೇಲೆ ಗೊತ್ತಾದ್ರೂ ಪರ್ವಾಗಿಲ್ಲ, ಹೊಸ ಫೈಲ್ ಮಾಡಿ ರಿಪ್ಲೇಸ್ ಕೊಡಿ, ಆದ್ರೆ ಕಟ್‌ಗಳು ಅಲ್ಲಲ್ಲಿ ಜರುಗಿರತ್ತೆ, ಒಂದ್ ಸಲ ಪೂರ್ತಿ ನೋಡ್ಬೇಕು.

ಅಕ್ಷತೆ ಹಾಕೋ ಶಾಟ್ ಮಾತ್ರ ಚೌಕ ಚೌಕ ಒಡೆದು ಬಂದಿದೆ, ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂತ ಎಷ್ಟು ಜನ ಹೇಳಿದಾರೋ. ಎಚ್.264 ಒಂದು ಫ್ರೇಮ್‌ಗೂ ಇನ್ನೊಂದಕ್ಕೂ ಏನು ಬದಲಾಯ್ತು ಅನ್ನೋದನ್ನ ಮಾತ್ರ ಬರ್ಕೊಂಡು ಜಾಗ ಉಳಿಸತ್ತೆ. ಪುರೋಹಿತರು ಕೂತು ಮಂತ್ರ ಹೇಳೋ ಶಾಟಲ್ಲಿ ಬದಲಾಗೋದು ಸ್ವಲ್ಪ. ಗಟ್ಟಿಮೇಳ ಅಂದ ತಕ್ಷಣ ನಾನೂರು ಜನ ಒಟ್ಟಿಗೆ ಅಕ್ಕಿ ಎಸೆದ್ರೆ ಸ್ಕ್ರೀನ್ ಪೂರ್ತಿ ಬದಲಾಗತ್ತೆ, ಕೊಟ್ಟಿರೋ ಬಿಟ್‌ರೇಟ್ ಸಾಲಲ್ಲ, ಅದೂ ಇಡೀ ಮದ್ವೇಲಿ ಎಲ್ರೂ ನೋಡೋ ಒಂದೇ ಶಾಟಲ್ಲಿ. ವಿಬಿಆರ್ (ಬೇಕಾದಂಗೆ ಬದಲಾಗೋ ಬಿಟ್‌ರೇಟ್) 2 ಪಾಸ್ ಹಾಕಿ, ಟಾರ್ಗೆಟ್ 16 ಇಟ್ರೆ ಮ್ಯಾಕ್ಸಿಮಮ್ 30 ಇಡಿ. ಅದು ಮೊದಲ ಸುತ್ತಲ್ಲಿ ಎಲ್ಲಿ ಎಷ್ಟು ಬೇಕು ಅಂತ ನೋಡ್ಕೊಂಡು ಎರಡನೇ ಸುತ್ತಲ್ಲಿ ಅಲ್ಲಿಗೆ ಜಾಸ್ತಿ ಕೊಡತ್ತೆ. 2 ಪಾಸ್ ಆಪ್ಷನ್ ಕಾಣ್ತಿಲ್ಲ ಅಂದ್ರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಆನ್ ಇದೆ, ಸಾಫ್ಟ್‌ವೇರ್‌ಗೆ ಬದಲಾಯಿಸಿ. ಯೂಟ್ಯೂಬ್‌ಗೆ ಆದ್ರೆ ಅವರೇ ಹೇಳಿರೋ ಪ್ರಕಾರ 1080ಕ್ಕೆ 8 ಎಂಬಿಪಿಎಸ್, 50 ಅಥವಾ 60 ಫ್ರೇಮ್ ಇದ್ರೆ 12. ನಾನು ಸ್ವಲ್ಪ ಜಾಸ್ತಿನೇ ಕೊಡ್ತೀನಿ, ಅವರು ಹೆಂಗಿದ್ರೂ ಮತ್ತೆ ಕುಗ್ಗಿಸ್ತಾರೆ.

ಕನ್ನಡ ಟೈಟಲ್ ಒಡೆದು ಹೋಗೋದು ನಮ್ಗೇ ಇರೋ ತಲೆನೋವು. ಎರಡು ಬೇರೆ ಬೇರೆ ತೊಂದ್ರೆ ಇದೆ ಇಲ್ಲಿ. ಲಕ್ಷ್ಮಿ ಅಂತ ಟೈಪ್ ಮಾಡಿದ್ದು ಲಕ್‌ಷ್‌ಮಿ ಅಂತ ಒತ್ತು ಬಿಟ್ಕೊಂಡು ಬಂದ್ರೆ ನೀವು ಯೂನಿಕೋಡ್ ಬಳಸ್ತಾ ಇದೀರ, ಸಾಫ್ಟ್‌ವೇರ್ ಒತ್ತಕ್ಷರ ಜೋಡಿಸ್ತಿಲ್ಲ. ಪ್ರೀಮಿಯರಲ್ಲಿ ಪ್ರಿಫರೆನ್ಸಸ್ ಗ್ರಾಫಿಕ್ಸ್ ಒಳಗೆ, ಆಫ್ಟರ್ ಎಫೆಕ್ಟ್ಸಲ್ಲಿ ಟೈಪ್ ಒಳಗೆ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಅಂತ ಆಪ್ಷನ್ ಇದೆ, ಅದನ್ನ ಹಾಕಿ ಟೈಟಲ್ ಹೊಸದಾಗಿ ಮಾಡಿ, ನೋಟೋ ಸಾನ್ಸ್ ಕನ್ನಡ ಥರದ ಯೂನಿಕೋಡ್ ಫಾಂಟ್ ಬಳಸಿ. ಅದೇ ಟೈಟಲ್ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸುಮೇಲೋಗರ ಆಗಿ ಕಂಡ್ರೆ ಅದು ಹಳೇ ನುಡಿ ಅಥವಾ ಬರಹ ಫಾಂಟಲ್ಲಿ ಮಾಡಿದ್ದು, ಈ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ, ಫಾಂಟ್ ಹಾಕಿದ್ರೆ ಸರಿ ಹೋಗತ್ತೆ. ನಾನಂತೂ ಹೆಸರಿನ ಟೈಟಲ್‌ನ ಫೋಟೋಶಾಪಲ್ಲಿ ಮಾಡಿ ಪಿಎನ್‌ಜಿ ಮಾಡ್ಬಿಡ್ತೀನಿ. ಗಂಡು ಹೆಣ್ಣಿನ ಹೆಸ್ರಲ್ಲಿ ಒಂದು ಒತ್ತು ತಪ್ಪಿದ್ರೂ ಬೀಗರು ಅದನ್ನೇ ಹತ್ತು ವರ್ಷ ಹೇಳ್ತಾರೆ.

ಐಫೋನ್ ಕ್ಲಿಪ್ ಸುಣ್ಣ ಬಳಿದಂಗೆ ಬೆಳ್ಳಗೆ ಬರ್ತಿದ್ರೆ ಅದು ಎಚ್‌ಡಿಆರ್ (ಬೆಳಕು, ಬಣ್ಣ ಜಾಸ್ತಿ ಹಿಡಿಯೋ ರೆಕಾರ್ಡಿಂಗ್). ಐಫೋನ್ 12 ಮತ್ತೆ ಅದರ ಮೇಲಿನ ಫೋನ್‌ಗಳಲ್ಲಿ ಇದು ಬರುತ್ತೆ. ಪ್ರೀಮಿಯರ್ ಸೀಕ್ವೆನ್ಸ್ ಸೆಟ್ಟಿಂಗಲ್ಲಿ ಆಟೋ ಟೋನ್ ಮ್ಯಾಪ್ ಮೀಡಿಯಾ ಟಿಕ್ ಮಾಡಿ, ಮುಂದಿನ ಸಲ ಶೂಟ್ ಮಾಡುವಾಗಲೇ ಫೋನ್ ಸೆಟ್ಟಿಂಗಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡ್ಸಿ. ಕೈ ಆಡಿಸಿದಾಗ ಬಾಚಣಿಗೆ ಥರ ಗೆರೆ ಬಂದ್ರೆ ಹಳೇ ಕ್ಯಾಮೆರಾದ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯಾಗಿ ಹಿಡಿದಿರೋ) ಫೂಟೇಜ್, ಡಿಇಂಟರ್‌ಲೇಸ್ ಮಾಡಿ. ವಿಡಿಯೋ ಮುಗಿದ ಮೇಲೆ ಅರ್ಧ ಗಂಟೆ ಬರೀ ಕಪ್ಪು ಸ್ಕ್ರೀನ್ ಇದ್ರೆ ಟೈಮ್‌ಲೈನ್ ತುದೀಲಿ ಎಲ್ಲೋ ಸಾಸಿವೆ ಕಾಳಷ್ಟು ಆಡಿಯೋ ತುಂಡು ಬಿದ್ದಿರತ್ತೆ, ಎಂಡ್ ಕೀ ಒತ್ತಿ ಹೋಗಿ ಡಿಲೀಟ್ ಮಾಡಿ.

ಕಂಪ್ಯೂಟರಲ್ಲಿ ಓಡತ್ತೆ ಟಿವಿಲಿ ಓಡಲ್ಲ ಅನ್ನೋದಕ್ಕೆ ಉತ್ತರ: ಎಚ್.265 ಬೇಡ, ಎಚ್.264 ಹೈ ಪ್ರೊಫೈಲ್, ಲೆವೆಲ್ 4.1, 1080, 25 ಫ್ರೇಮ್, ಆಡಿಯೋ ಎಎಸಿ 48 ಕಿಲೋಹರ್ಟ್ಜ್. ಇಷ್ಟು ಕೊಟ್ರೆ ನಾನು ಕಂಡಿರೋ ಟಿವಿಗಳಲ್ಲೆಲ್ಲ ಓಡಿದೆ. ಪೆನ್‌ಡ್ರೈವ್ ಕಾಪಿ ಆದ್ಮೇಲೆ ಎಜೆಕ್ಟ್ ಕೊಟ್ಟೇ ಕೀಳಿ, ಬೇರೆ ಟಿವಿಗೆ ಹಾಕಿ ಶುರು, ಮಧ್ಯ, ಕೊನೆ ಮೂರು ಕಡೆ ಎಳೆದು ನೋಡಿ. ವಾಟ್ಸಪಲ್ಲಿ ಟೀಸರ್ ಕಳಿಸೋದಾದ್ರೆ ವಿಡಿಯೋ ಥರ ಬೇಡ, ಡಾಕ್ಯುಮೆಂಟ್ ಥರ ಕಳಿಸಿ, 2 ಜಿಬಿವರೆಗೂ ಹೋಗತ್ತೆ, ಕುಗ್ಗಲ್ಲ.

ಅಪ್ಡೇಟ್ ಯಾವಾಗ

ಮಾಘ, ಫಾಲ್ಗುಣದಲ್ಲಿ ಹಾರ್ಡ್‌ಡಿಸ್ಕ್ ಸಾಲುಗಟ್ಟಿ ನಿಂತಿರುವಾಗ ಹೊಸ ವರ್ಷನ್ ಬಂತು ಅಂತ ಅಪ್ಡೇಟ್ ಒತ್ತೋರನ್ನ ನೋಡಿದ್ರೆ ನಂಗೆ ಮೈಯೆಲ್ಲ ಉರಿಯತ್ತೆ. ಆಷಾಢದಲ್ಲಿ ಮದ್ವೆ ಇರಲ್ಲ, ಅಂಗಡೀಲಿ ನೊಣ ಹೊಡ್ಕೊಂಡು ಕೂತಿರ್ತೀವಿ, ಸಾಫ್ಟ್‌ವೇರು ಡ್ರೈವರು ರ‍್ಯಾಮು ಎಲ್ಲಾ ಆಗ ಮಾಡ್ಸಿ. ಆಗ್ಲೂ ಒಂದು ಹುಷಾರು, ಹಳೇ ಪ್ರಾಜೆಕ್ಟ್‌ನ ಹೊಸ ವರ್ಷನ್ನಲ್ಲಿ ತೆಗೆದು ಸೇವ್ ಮಾಡಿದ್ರೆ ಹಳೇ ವರ್ಷನ್ನಲ್ಲಿ ಮತ್ತೆ ಅದು ತೆರೆಯಲ್ಲ. ಡೆಲಿವರಿ ಬಾಕಿ ಇರೋ ಪ್ರಾಜೆಕ್ಟ್‌ಗಳ ಕಾಪಿನ ಬೇರೆ ಡ್ರೈವಲ್ಲಿ ಇಟ್ಟೇ ಅಪ್ಡೇಟ್ ಒತ್ತಿ, ರಿಸಾಲ್ವ್ ಆದ್ರೆ ಪ್ರಾಜೆಕ್ಟ್ ಮ್ಯಾನೇಜರಲ್ಲಿ ಪ್ರಾಜೆಕ್ಟ್ ಲೈಬ್ರರಿ (ಹಳೇ ವರ್ಷನ್‌ಗಳಲ್ಲಿ ಡೇಟಾಬೇಸ್) ಬ್ಯಾಕಪ್ ಮೊದ್ಲು ತಗೊಳಿ.